ದೊಡ್ಡ ಮಡಕೆಯ ಗುಟ್ಟು ಕೈಬಲದಲ್ಲಿಲ್ಲ, ನೀರಿನಲ್ಲಿದೆ

ತಿಗರಿಯ ಮೇಲೆ ಲೋಟವನ್ನೋ ಕುಡಿಕೆಯನ್ನೋ ಎತ್ತಲು ಕಲಿತವರ ಮುಂದಿನ ಆಸೆ ಸಾಮಾನ್ಯವಾಗಿ ಗುಡಾಣದಂಥ ದೊಡ್ಡ ಪಾತ್ರೆ. ಮುದ್ದೆ ದೊಡ್ಡದಿರಲಿ, ಇನ್ನಷ್ಟು ಬಲ ಹಾಕೋಣ ಎಂಬ ಅಂದಾಜಿನಲ್ಲಿ ಕೂರುತ್ತಾರೆ. ಗೋಡೆ ಒಂದು ಮೊಳ ಏರುವಷ್ಟರಲ್ಲಿ ಕೆಳಭಾಗ ಉಬ್ಬುತ್ತದೆ, ತಿರುಚಿಕೊಳ್ಳುತ್ತದೆ, ಕುಸಿಯುತ್ತದೆ. ಕೈ ಇನ್ನೂ ಪಳಗಿಲ್ಲ ಎಂದು ಎಲ್ಲರೂ ತೀರ್ಮಾನಿಸಿಬಿಡುತ್ತಾರೆ. ಆದರೆ ಕೈ ಎಷ್ಟೇ ಪಳಗಿದ್ದರೂ ಹಸಿಮಣ್ಣು ಒಂದು ಎತ್ತರಕ್ಕಿಂತ ಮೇಲೆ ತನ್ನ ಭಾರವನ್ನು ತಾನೇ ಹೊರಲಾರದು. ಆ ಮಿತಿಯನ್ನು ದಾಟಲು ಜಗತ್ತಿನ ಹಲವು ಕಡೆಯ ಕುಂಬಾರರು ಕಂಡುಕೊಂಡ ಉಪಾಯವೊಂದಿದೆ. ಕೋಡುಬಳೆಗೆ ಹಿಟ್ಟು ಹೊಸೆದಂತೆ ಮಣ್ಣನ್ನು ದಪ್ಪ ಬತ್ತಿಯಾಗಿ ಹೊಸೆದು, ಪಾತ್ರೆಯ ಬಾಯಿಯ ಸುತ್ತ ಕೂರಿಸಿ, ತಿಗರಿ ತಿರುಗಿಸುತ್ತ ಅದನ್ನು ತೆಳುವಾಗಿ ಮೇಲೆಳೆಯುವುದು. ಅದು ಬಿಗಿಯುವ ತನಕ ಕಾದು ಮುಂದಿನ ಸುತ್ತು ಇಡುವುದು. ಈ ವಿಧಾನದಲ್ಲಿ ಕಲಿಯಬೇಕಾದ ಮುಖ್ಯ ವಿದ್ಯೆ ಮಣ್ಣಿನೊಳಗಿನ ನೀರನ್ನು ಅಳೆಯುವುದು. ಕೈಚಳಕ ಅದರ ನಂತರದ್ದು.

ಮೊದಲು ಭಾರದ ಲೆಕ್ಕ ನೋಡೋಣ. ಹಸಿಮಣ್ಣು ಒಂದು ಘನ ಸೆಂಟಿಮೀಟರಿಗೆ ಸುಮಾರು 2 ಗ್ರಾಂ ತೂಗುತ್ತದೆ. ನೆಟ್ಟಗೆ ನಿಂತ 30 ಸೆಂ.ಮೀ. ಎತ್ತರದ ಗೋಡೆಯಲ್ಲಿ, ತಳದ ಪ್ರತಿ ಚದರ ಸೆಂಟಿಮೀಟರಿನ ಮೇಲೆ 60 ಗ್ರಾಂ ಕೂತಿರುತ್ತದೆ. ಎತ್ತರ 120 ಸೆಂ.ಮೀ. ಆದರೆ ಅದು 240 ಗ್ರಾಂ. ಹಾಗಿದ್ದರೆ ಗೋಡೆಯನ್ನು ಎರಡು ಪಟ್ಟು ದಪ್ಪ ಮಾಡಿದರಾಯಿತಲ್ಲ ಎಂದು ಯಾರಿಗಾದರೂ ತೋಚೀತು. ದಪ್ಪ ಎರಡು ಪಟ್ಟಾದಾಗ ಭಾರವನ್ನು ಹೊರುವ ಜಾಗವೇನೋ ಎರಡು ಪಟ್ಟಾಗುತ್ತದೆ, ಆದರೆ ಹೊರಬೇಕಾದ ಭಾರವೂ ಎರಡು ಪಟ್ಟಾಗುತ್ತದೆ. ಚದರ ಸೆಂಟಿಮೀಟರಿನ ಲೆಕ್ಕದಲ್ಲಿ ಒಂದು ಗ್ರಾಮಿನ ಲಾಭವೂ ಇಲ್ಲ. ಗಾತ್ರ ಬೆಳೆದಷ್ಟು ವೇಗವಾಗಿ ಬಲ ಬೆಳೆಯುವುದಿಲ್ಲ ಎಂದು 1638ರ ತನ್ನ ಪುಸ್ತಕದಲ್ಲಿ ಗೆಲಿಲಿಯೊ ಮೂಳೆ, ತೊಲೆಗಳ ಬಗ್ಗೆ ಹೇಳಿದ್ದು ಮಡಕೆಗೂ ಸಲ್ಲುತ್ತದೆ. ಗೋಡೆ ಪಕ್ಕಕ್ಕೆ ಬಾಗದಿರಲು ದಪ್ಪ ಒಂದಿಷ್ಟು ನೆರವಾಗುವುದು ನಿಜ. ಆದರೆ ಅದಕ್ಕೆ ತೆರುವ ಬೆಲೆ ದೊಡ್ಡದು. ಗೋಡೆಯ ಒಳಗಿನ ನೀರು ಹೊರಗೆ ಬರಲು ಹಿಡಿಯುವ ಸಮಯ ದಪ್ಪದ ವರ್ಗದಂತೆ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಒಳಗಿನ ನೀರು ಹೊರಬರಲು ಸುಮಾರು ನಾಲ್ಕು ಪಟ್ಟು ಹೊತ್ತು ಬೇಕು. ಹೊಟ್ಟೆ ಅಗಲವಾಗಿ ತಳ ಕಿರಿದಾಗಿರುವ ಪಾತ್ರೆಯಲ್ಲಂತೂ ತಳದ ಪಾಡು ಇನ್ನೂ ಕಷ್ಟ.

ಹಾಗಾದರೆ ಬದಲಾಗಬೇಕಾದ್ದು ಮಣ್ಣಿನ ಬಲವೇ. ಜೇಡಿಮಣ್ಣಿನ ಕಣಗಳು ಬಲು ಸಣ್ಣ, ಚಪ್ಪಟೆ ಬಿಲ್ಲೆಗಳು. ಅವುಗಳ ನಡುವೆ ನೀರಿನ ತೆಳು ಪದರವಿರುವುದರಿಂದ ಒಂದರ ಮೇಲೊಂದು ಜಾರುತ್ತವೆ. ನಾವು ಹದ ಎನ್ನುವುದು ಈ ಜಾರುವಿಕೆಯನ್ನೇ. ನೀರು ಆರುತ್ತ ಹೋದಂತೆ ಬಿಲ್ಲೆಗಳು ಹತ್ತಿರ ಬಂದು ಬಿಗಿದುಕೊಳ್ಳುತ್ತವೆ. ಸ್ವೀಡನ್ನಿನ ರಸಾಯನವಿಜ್ಞಾನಿ ಆಲ್ಬರ್ಟ್ ಆಟರ್‌ಬರ್ಗ್ 1911ರಲ್ಲಿ ಮಣ್ಣು ರಾಡಿಯಂತೆ ಹರಿಯತೊಡಗುವ ನೀರಿನ ಪ್ರಮಾಣ, ಹೊಸೆದರೆ ಮುರಿಯತೊಡಗುವ ನೀರಿನ ಪ್ರಮಾಣ ಎಂದು ಎರಡು ಗಡಿಗಳನ್ನು ಗುರುತಿಸಿದ. ಮೊದಲನೆಯ ಗಡಿಯಿಂದ ಎರಡನೆಯದಕ್ಕೆ ಬರುವಷ್ಟರಲ್ಲಿ ಮಣ್ಣಿನ ಬಲ ಸುಮಾರು ನೂರು ಪಟ್ಟು ಏರುತ್ತದೆ ಎಂಬುದು ಎಂಜಿನಿಯರುಗಳು ಇಂದಿಗೂ ಬಳಸುವ ಸ್ಥೂಲ ಲೆಕ್ಕ. ಎರಡನೇ ಗಡಿಯನ್ನು ಪ್ರಯೋಗಾಲಯದಲ್ಲಿ ಪತ್ತೆಮಾಡುವುದು ಮಣ್ಣನ್ನು ಅಂಗೈಯಲ್ಲಿ 3 ಮಿ.ಮೀ. ದಪ್ಪದ ಎಳೆಯಾಗಿ ಹೊಸೆದು! ಬತ್ತಿ ಹೊಸೆಯುವ ಕುಂಬಾರರು ತಮಗರಿವಿಲ್ಲದೆಯೇ ದಿನವೂ ಈ ಪರೀಕ್ಷೆ ಮಾಡುತ್ತಾರೆ. ದಪ್ಪ ಹೆಚ್ಚಿಸಿದರೆ ಸಿಗದ ಬಲ, ಒಂದಿಷ್ಟು ನೀರು ಆರಿದರೆ ಹಲವು ಪಟ್ಟಾಗಿ ಸಿಗುತ್ತದೆ.

ತಿಗರಿಯ ವೇಗವೂ ಇದೇ ಲೆಕ್ಕಕ್ಕೆ ಸೇರುತ್ತದೆ. ನಿಮಿಷಕ್ಕೆ 100 ಸುತ್ತು ತಿರುಗುವ ತಿಗರಿಯಲ್ಲಿ, ನಡುವಿನಿಂದ 8 ಸೆಂ.ಮೀ. ದೂರದ ಮಣ್ಣನ್ನು ಹೊರಕ್ಕೆ ತಳ್ಳುವ ಬಲ ಅದರ ತೂಕಕ್ಕಿಂತ ತುಸು ಕಡಿಮೆ. ಅದೇ ವೇಗದಲ್ಲಿ 30 ಸೆಂ.ಮೀ. ದೂರದ ಮಣ್ಣಿಗೆ ಅದು ತೂಕದ ಮೂರು ಪಟ್ಟು ಮೀರುತ್ತದೆ. ಬಟ್ಟಲಿಗೆ ಒಗ್ಗುವ ವೇಗದಲ್ಲಿ ಗುಡಾಣ ತಿರುಗಿಸಿದರೆ ಹೊಟ್ಟೆ ಹರಿದುಕೊಳ್ಳುವುದು ಇದರಿಂದಲೇ. ವೇಗವನ್ನು ಕಾಲುಭಾಗಕ್ಕೆ ಇಳಿಸಿದರೆ ಈ ತಳ್ಳುವ ಬಲ ಹದಿನಾರರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ದೊಡ್ಡ ಪಾತ್ರೆಗೆ ನಿಧಾನದ ತಿಗರಿಯೇ ಸರಿ. ಅದರ ಕೆಲಸ ಸುತ್ತನ್ನು ಸಮಮಾಡುವುದು, ತೆಳುಮಾಡುವುದು.

ಈ ತಿಳಿವಳಿಕೆ ಒಂದು ಇಡೀ ಕೆಲಸದ ಪದ್ಧತಿಯಾಗಿ ಬೆಳೆದದ್ದನ್ನು ಗ್ರೀಸಿನ ಕ್ರೀಟ್ ದ್ವೀಪದ ಥ್ರಾಪ್ಸಾನೊ ಎಂಬ ಹಳ್ಳಿಯ ಕುಂಬಾರರಲ್ಲಿ ನೋಡಬಹುದು. ಎಣ್ಣೆ, ದ್ರಾಕ್ಷಾರಸ, ಕಾಳುಗಳನ್ನು ತುಂಬಿಡುವ ‘ಪಿಥಾರಿ’ ಎಂಬ ಹಿರಿಗಾತ್ರದ ಹರವಿಗಳಿಗೆ ಈ ಹಳ್ಳಿ ಹೆಸರುವಾಸಿ. ಬೇಸಿಗೆಯಲ್ಲಿ ಇಲ್ಲಿನ ಕುಂಬಾರರು ತಂಡ ಕಟ್ಟಿಕೊಂಡು ಒಳ್ಳೆಯ ಮಣ್ಣಿರುವ ಊರುಗಳಿಗೆ ಹೋಗುತ್ತಿದ್ದರು. ಅವರ ಕ್ರಮವನ್ನು ರೋಲಂಡ್ ಹಾಂಪೆ ಮತ್ತು ಆಡಮ್ ವಿಂಟರ್ ಎಂಬ ಜರ್ಮನ್ ವಿದ್ವಾಂಸರು 1962ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಉದ್ದನೆಯ ಗುಂಡಿ ತೋಡಿ ಅದರಲ್ಲಿ ಗಿಡ್ಡ ತಿಗರಿಗಳನ್ನು ಸಾಲಾಗಿ ನೆಡುತ್ತಿದ್ದರು. ಮೇಸ್ತ್ರಿ ಮೊದಲ ಪಾತ್ರೆಗೆ ಒಂದು ಸುತ್ತು ಬತ್ತಿ ಕೂರಿಸಿ ಎಳೆಯುತ್ತಿದ್ದ. ತಿಗರಿ ತಿರುಗಿಸಲೆಂದೇ ಇನ್ನೊಬ್ಬ ಆಳು ಗುಂಡಿಯಲ್ಲಿ ಕೂತಿರುತ್ತಿದ್ದ. ಬಳಿಕ ಇಬ್ಬರೂ ಎರಡನೆಯದಕ್ಕೆ, ಮೂರನೆಯದಕ್ಕೆ ಸರಿಯುತ್ತಿದ್ದರು. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲ ಪಾತ್ರೆ ಬಿಸಿಲು ಗಾಳಿಗೆ ಬಿಗಿದು ಮುಂದಿನ ಸುತ್ತನ್ನು ಹೊರಲು ಸಿದ್ಧವಾಗಿರುತ್ತಿತ್ತು. ಮಣ್ಣು ಆರುವ ಹೊತ್ತನ್ನೇ ಗಡಿಯಾರ ಮಾಡಿಕೊಂಡು ಕೆಲಸ ಜೋಡಿಸಿದ ಈ ಏರ್ಪಾಟು ಯಾವ ಕಾರ್ಖಾನೆಯ ಯೋಜನೆಗೂ ಕಡಿಮೆಯದಲ್ಲ.

ಬತ್ತಿ ಪೇರಿಸುವುದು ಅರೆಬರೆ ವಿದ್ಯೆ, ಒಂದೇ ಮುದ್ದೆಯಿಂದ ಎತ್ತುವುದೇ ನಿಜವಾದ ತಿಗರಿಯ ಕೆಲಸ ಎನ್ನುವವರಿದ್ದಾರೆ. ಪುರಾತತ್ವದ ಸಾಕ್ಷ್ಯ ಇದಕ್ಕೆ ಒಪ್ಪುವುದಿಲ್ಲ. ಮಣ್ಣಿನೊಳಗಿನ ಸಣ್ಣ ಗಾಳಿಗುಳಿಗಳು ಎಕ್ಸ್‌ರೇ ಚಿತ್ರದಲ್ಲಿ ಕಾಣುತ್ತವೆ. ಮುದ್ದೆಯಿಂದ ಎತ್ತಿದ ಪಾತ್ರೆಯಲ್ಲಿ ಅವು ಓರೆಯಾಗಿ ಚಾಚಿಕೊಂಡಿದ್ದರೆ, ಬತ್ತಿ ಕೂಡಿಸಿದ ಪಾತ್ರೆಯಲ್ಲಿ ಬೆಸುಗೆಗುಂಟ ಅಡ್ಡಡ್ಡವಾಗಿ ಉಳಿದಿರುತ್ತವೆ. ಫ್ರಾನ್ಸಿನ ವ್ಯಾಲೆಂಟೀನ್ ರೂ ಮತ್ತು ಮರಿ-ಆನ್ಯೆಸ್ ಕೂರ್ತಿ ಇಂಥ ಒಳಗುರುತುಗಳನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನ, ಕ್ರಿ.ಪೂ. ನಾಲ್ಕು ಮತ್ತು ಮೂರನೇ ಸಹಸ್ರಮಾನದ ಹಲವು ‘ತಿಗರಿ ಪಾತ್ರೆಗಳು’ ಬತ್ತಿ ಕೂಡಿಸಿ ತಿಗರಿಯಲ್ಲಿ ರೂಪ ಕೊಟ್ಟವು ಎಂದು ತೋರಿಸಿತು. ಅಂದರೆ ಎರಡೂ ಕೂಡಿದ ಈ ಮಾರ್ಗ ತಿಗರಿಯಷ್ಟೇ ಹಳೆಯದು.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ನಮ್ಮ ಕುಂಬಾರರು ಬತ್ತಿಯನ್ನೇ ಬಳಸದೆ ದೊಡ್ಡ ಕೊಡ, ಹಂಡೆಗಳನ್ನು ಮಾಡುತ್ತಾರಲ್ಲ? ಮಾಡುತ್ತಾರೆ, ಅದೂ ಬೆರಗಾಗುವಷ್ಟು ತೆಳುವಾಗಿ. ಆದರೆ ತಿಗರಿಯಿಂದ ಇಳಿಯುವಾಗ ಆ ಪಾತ್ರೆ ಚಿಕ್ಕದು, ದಪ್ಪ ಗೋಡೆಯದು. ಅದನ್ನು ನೆರಳಲ್ಲಿ ಆರಲು ಬಿಟ್ಟು, ಒಳಗೆ ಗುಂಡುಕಲ್ಲು ಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಾರೆ. ಅಂಟದಂತೆ ಬೂದಿ ಉದುರಿಸುತ್ತಾರೆ. ಮತ್ತೆ ಆರಿಸಿ ಮತ್ತೆ ತಟ್ಟುತ್ತಾರೆ. ಪಾತ್ರೆ ದೊಡ್ಡದಾಗುವುದು ಮಣ್ಣು ಬಿಗಿದ ಮೇಲೆಯೇ. ಮೊದಲು ಬಲ, ಆಮೇಲೆ ಗಾತ್ರ ಎಂಬ ನಿಯಮವನ್ನು ಇವರೂ ಪಾಲಿಸುತ್ತಾರೆ.

ಈಗ ಗ್ಯಾಸ್ ಜ್ವಾಲೆ ಹಿಡಿದು ಗೋಡೆಯನ್ನು ನಿಮಿಷಗಳಲ್ಲಿ ಬಿಗಿಗೊಳಿಸುವ ರೂಢಿ ಬಂದಿದೆ. ಅನುಭವಿಗಳ ಕೈಯಲ್ಲಿ ಅದು ಉಪಯುಕ್ತವೇ. ಹೊಸಬರ ಕೈಯಲ್ಲಿ ಮೇಲ್ಪದರ ಒಣಗಿ ಒಳಗು ಹಸಿಯಾಗಿಯೇ ಉಳಿಯುತ್ತದೆ. ಮಣ್ಣು ಆರುವಾಗ ಸಾಮಾನ್ಯವಾಗಿ ನೂರಕ್ಕೆ ಐದರಿಂದ ಎಂಟರಷ್ಟು ಕುಗ್ಗುತ್ತದೆ. ಕುಗ್ಗಿ ಮುಗಿದ ಅಂಚಿನ ಮೇಲೆ ಕುಗ್ಗಬೇಕಾದ ಬತ್ತಿ ಕೂರಿಸಿದರೆ ಬೆಸುಗೆ ಬಿರಿಯುತ್ತದೆ, ಕೆಲವೊಮ್ಮೆ ಅದು ಬಯಲಾಗುವುದು ಆವಿಗೆಯಿಂದ ತೆಗೆದ ಮೇಲೆಯೇ. ಆದ್ದರಿಂದ ಕೆಳಗಿನ ಗೋಡೆ ಬಿಗಿಯಬೇಕು, ಅಂಚು ಮಾತ್ರ ಮೆತ್ತಗಿರಬೇಕು. ಅಂಚಿಗೆ ಒದ್ದೆಬಟ್ಟೆ ಸುತ್ತಿ ಗೋಡೆಯನ್ನು ಗಾಳಿಗೆ ಬಿಡುವುದು, ಬತ್ತಿ ಕೂರಿಸುವ ಮುನ್ನ ಅಂಚನ್ನು ಗೀರಿ ಮಣ್ಣಿನ ಗಂಜಿ ಸವರುವುದು, ಬೆಸುಗೆಯನ್ನು ಒಳಗೂ ಹೊರಗೂ ಒತ್ತಿ ಎಳೆಯುವುದು ಇದಕ್ಕಾಗಿಯೇ. ಬೆರಳಿನಿಂದ ಒತ್ತಿದರೆ ಗೋಡೆ ತಗ್ಗಬಾರದು, ಅಂಚು ತಗ್ಗಬೇಕು.

ದೆಹಲಿಯ ಕುಂಬಾರರ ಕಲಿಕೆಯನ್ನು ರೂ ಅವರು ಡ್ಯಾನಿಯೆಲಾ ಕೊರ್ಬೆಟ್ಟಾ ಜತೆ ಅಧ್ಯಯನ ಮಾಡಿ 1989ರಲ್ಲಿ ಪ್ರಕಟಿಸಿದರು. ಚಿಕ್ಕ ಪಾತ್ರೆಯಿಂದ ಎತ್ತರದ ಪಾತ್ರೆಗೆ ಹಂತಹಂತವಾಗಿ ಏರಲು ಸುಮಾರು ಹತ್ತು ವರ್ಷ ಬೇಕಾಗುತ್ತದೆ ಎಂದು ಅವರು ಕಂಡರು. ತಿಗರಿಯ ಕೈಚಳಕಕ್ಕೆ ಅಷ್ಟು ಕಾಲ ಬೇಕು, ಸಂದೇಹವಿಲ್ಲ. ಆದರೆ ದೊಡ್ಡ ಪಾತ್ರೆಯ ಕನಸಿಗೆ ಅಷ್ಟು ವರ್ಷ ಕಾಯಬೇಕಿಲ್ಲ. ಬತ್ತಿಯ ಮಾರ್ಗದಲ್ಲಿ ಒಮ್ಮೆಗೆ ಎಳೆಯಬೇಕಾದ್ದು ಗೇಣಿಗಿಂತ ಕಡಿಮೆ ಎತ್ತರ. ಕುಂಬಾರಿಕೆ ಕಲಿಸುವವರು ಇದನ್ನು ಮೊದಲ ವರ್ಷದಲ್ಲೇ ಹೇಳಿಕೊಡಬೇಕು. ಕಲಿಯುತ್ತಿರುವ ನೀವು ಒಂದೇ ಪಾತ್ರೆಯ ಮುಂದೆ ಕೂತು ಆತುರಪಡದೆ, ಒಟ್ಟಿಗೆ ಮೂರು ಪಾತ್ರೆಗಳನ್ನು ಹಲಗೆಗಳ ಮೇಲೆ ಆರಂಭಿಸಿ, ಒಂದಾದ ಮೇಲೊಂದರಂತೆ ತಿಗರಿಗೆ ತನ್ನಿ. ಮೂರನೆಯದರ ಸುತ್ತು ಮುಗಿದಾಗ ಮೊದಲನೆಯದರ ಗೋಡೆಯನ್ನು ಒತ್ತಿ ನೋಡಿ. ಇನ್ನೂ ಮೆತ್ತಗಿದ್ದರೆ ಕಾಯಿರಿ.