ಸೈಯದ್ ಮಾಸೂಮರ ಬೇಟೆ ಕೋವಿ

2015ರ ಏಪ್ರಿಲ್ 21ರಂದು ಲಂಡನ್ನಿನ ಬೋನ್‌ಹ್ಯಾಮ್ಸ್ ಹರಾಜು ಸಂಸ್ಥೆಯಲ್ಲಿ ಒಂದು ಹಳೆಯ ಬೇಟೆ ಕೋವಿ 7,22,500 ಪೌಂಡಿಗೆ ಮಾರಾಟವಾಯಿತು. ಅಂದಿನ ಲೆಕ್ಕದಲ್ಲಿ ಏಳು ಕೋಟಿ ರೂಪಾಯಿಯ ಹತ್ತಿರ. ಅದೇ ದಿನ ಹುಲಿಮುಖದ ಹಿಡಿಯಿರುವ ಖಡ್ಗವೊಂದು ಇಪ್ಪತ್ತು ಲಕ್ಷ ಪೌಂಡಿಗೂ ಮಿಕ್ಕಿ ಹೋದುದರಿಂದ ಪತ್ರಿಕೆಗಳೆಲ್ಲ ಖಡ್ಗದ ಬಗ್ಗೆಯೇ ಬರೆದವು. ಕೋವಿಯ ಮೇಲೆ ಕೆತ್ತಿದ್ದ ಹೆಸರಿನ ಕಡೆಗೆ ಹೆಚ್ಚಿನವರ ಗಮನ ಹೋಗಲಿಲ್ಲ. ಅದು ಟಿಪ್ಪು ಸುಲ್ತಾನರ ಹೆಸರಲ್ಲ. ಸೈಯದ್ ಮಾಸೂಮ್ ಎಂಬ ಶ್ರೀರಂಗಪಟ್ಟಣದ ಒಬ್ಬ ಕುಶಲಕರ್ಮಿಯ ಹೆಸರು.

ನಮ್ಮ ಮಲೆನಾಡು, ಕರಾವಳಿಯ ಹಿರಿಯರಿಗೆ ಕೇಪಿನ ಕೋವಿ ಗೊತ್ತು. ಅದಕ್ಕಿಂತ ಒಂದು ತಲೆಮಾರು ಹಿಂದಿನದು ಚಕಮಕಿ ಕೋವಿ. ಕುದುರೆಯನ್ನು ಎಳೆದಾಗ ಅದರ ಬಾಯಲ್ಲಿ ಕಚ್ಚಿಸಿದ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿ ಮದ್ದಿಗೆ ತಾಗುತ್ತದೆ. ಒಂದು ಗುಂಡು ಹಾರಿದರೆ ಮುಗಿಯಿತು, ಮತ್ತೆ ಮದ್ದು ತುಂಬಿ ಗಜದಿಂದ ಜಡಿಯಬೇಕು. ಅಷ್ಟರಲ್ಲಿ ಬೇಟೆ ಕಾಡು ಸೇರಿರುತ್ತದೆ. ಮಾಸೂಮರು ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಒಂದೇ ನಳಿಗೆಯೊಳಗೆ ಒಂದರ ಮುಂದೆ ಒಂದರಂತೆ ಎರಡು ಸಲದ ಮದ್ದುಗುಂಡು ತುಂಬಿ, ಮೊದಲು ಮುಂದಿನದನ್ನೂ ಆಮೇಲೆ ಹಿಂದಿನದನ್ನೂ ಹಾರಿಸುವ ವ್ಯವಸ್ಥೆ. ಮುಂದಿನ ಕಿಡಿ ಹಿಂದಿನ ಮದ್ದಿಗೆ ತಗುಲಿದರೆ ಕೋವಿ ಹಿಡಿದವನ ಗತಿ ಏನಾಗಬಹುದೆಂದು ಊಹಿಸಿಕೊಳ್ಳಿ! ಕೈಯ ಮೇಲೆ ಅಷ್ಟು ಭರವಸೆ ಇದ್ದವನು ಮಾತ್ರ ಅದನ್ನು ಮಾಡಿ ಸುಲ್ತಾನನ ಕೈಗೆ ಕೊಡಬಲ್ಲ.

ಇನ್ನು ಅಲಂಕಾರದ ಮಾತು. ಟಿಪ್ಪುವಿನ ಶಸ್ತ್ರಾಗಾರದ ಕೋವಿಗಳಲ್ಲಿ ಎಲ್ಲಿ ನೋಡಿದರೂ ಹುಲಿ. ಉಕ್ಕಿನ ನಳಿಗೆಯ ಮೇಲೆ ಚಿನ್ನ ಬೆಳ್ಳಿಯಲ್ಲಿ ಕೂರಿಸಿದ ಹುಲಿಪಟ್ಟೆ, ಇದನ್ನು ಬಬ್ರಿ ಎನ್ನುತ್ತಾರೆ. ಜೊತೆಗೆ 'ಸರ್ಕಾರೆ ಖುದಾದಾದ್' ಅಂದರೆ ದೇವದತ್ತ ಸರಕಾರ ಎಂಬ ಬರಹ. ಹೈದರ್ ಎಂಬ ಹೆಸರಿನ ನಾಲ್ಕು ಅಕ್ಷರಗಳನ್ನು ನಾಲ್ಕು ಮನೆಗಳ ಚೌಕದಲ್ಲಿಟ್ಟ ಮುದ್ರೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಟಿಪ್ಪುವಿನ ಕಾಲದ ವಸ್ತುಗಳಲ್ಲಿ ಕಾಣುವ ಅಕ್ಷರದ ಹುಲಿ. 'ಅಸದುಲ್ಲಾಹಿಲ್ ಗಾಲಿಬ್', ಅಲ್ಲಾಹನ ವಿಜಯೀ ಸಿಂಹ ಎಂಬ ಮಾತನ್ನು ಕನ್ನಡಿಯಲ್ಲಿ ಕಂಡಂತೆ ಎರಡು ಬದಿಗೂ ಬರೆದಾಗ ಅದೇ ಹುಲಿಯ ಮುಖವಾಗುತ್ತದೆ. ಜೀವಿಗಳ ಚಿತ್ರ ಬರೆಯಲು ಹಿಂಜರಿಯುವ ಸಮುದಾಯದ ಕಲಾವಿದ ಬರಹದಿಂದಲೇ ಹುಲಿಯನ್ನು ಗರ್ಜಿಸುವಂತೆ ಮಾಡಿದ್ದಾನೆ. ಹಾಗೆಂದು ಕೆತ್ತಿದ ಹುಲಿಗಳೇನೂ ಕಡಿಮೆಯಿಲ್ಲ ಎನ್ನುವುದನ್ನೂ ಹೇಳಬೇಕು.

ಇಸವಿ ಬರೆಯುವುದರಲ್ಲೂ ಟಿಪ್ಪುವಿನದೇ ರೀತಿ. ಹಿಜರಿಯ ಬದಲು ಪ್ರವಾದಿಯವರ(ಸ) ಜನನದಿಂದ ಎಣಿಸುವ ಮೌಲೂದಿ ಶಕೆಯನ್ನು ಅವರು ಜಾರಿಗೆ ತಂದಿದ್ದರು. ಆ ನಾಣ್ಯಗಳಲ್ಲಿ ಅಂಕಿಗಳೂ ಬಲದಿಂದ ಎಡಕ್ಕೆ. ಗೊತ್ತಿಲ್ಲದವರು ಓದಿದರೆ ಇಸವಿಯೇ ತಲೆಕೆಳಗು.

ಬೇಟೆಯ ಆಯುಧಕ್ಕೆ ಇಷ್ಟೊಂದು ಸಿಂಗಾರ ಬೇಕಿತ್ತೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯೇ. ಪ್ರವಾದಿಯವರ(ಸ) ಖಡ್ಗದ ಹಿಡಿಗೆ ಬೆಳ್ಳಿ ಇತ್ತೆಂದು ಹದೀಸ್‌ಗಳಲ್ಲಿ ಬಂದಿದೆ. ಆದ್ದರಿಂದ ಆಯುಧಕ್ಕೆ ಬೆಳ್ಳಿ ಕಟ್ಟುವುದನ್ನು ವಿದ್ವಾಂಸರು ಒಪ್ಪಿದ್ದಾರೆ. ಚಿನ್ನದ ವಿಷಯ ಬೇರೆ. ಬೇಟೆಯೂ ಅಷ್ಟೇ, ಆಹಾರಕ್ಕಾದರೆ ಸರಿ. ಸುಮ್ಮನೆ ಮೋಜಿಗೆ ಜೀವ ತೆಗೆಯುವುದು ಧರ್ಮಕ್ಕೆ ಒಪ್ಪಿಗೆಯಲ್ಲ. ಅರಮನೆಯ ವೈಭವವೆಲ್ಲ ಇಸ್ಲಾಮಿನ ಮಾದರಿಯೆಂದು ನಾವು ಹೇಳಬೇಕಾಗಿಲ್ಲ. ಆದರೆ ಕುಶಲಕರ್ಮಿಯ ಬೆವರಿಗೆ ಬೆಲೆ ಕೊಡದಿರಲೂ ಬಾರದು.

ಟಿಪ್ಪು ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ ಮತ್ತು ಬಿದನೂರುಗಳಲ್ಲಿ ತಾರಾಮಂಡಲ್ ಪೇಟೆ ಎಂಬ ಕಾರ್ಖಾನೆಗಳನ್ನು ಕಟ್ಟಿದ್ದರು. 1788ರಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋದ ರಾಯಭಾರಿಗಳು ಸೈನ್ಯದ ನೆರವಿನ ಜೊತೆ ಕಸುಬುದಾರರನ್ನೂ ಕೇಳಿದ್ದರು. ಸೈನ್ಯ ಸಿಗಲಿಲ್ಲ, ಕೆಲವು ಕಸುಬುದಾರರು ಬಂದರು. 1799ರ ಮೇ 4ರಂದು ಸುಲ್ತಾನರು ಹುತಾತ್ಮರಾದಾಗ ಕೋಟೆಯ ಲೂಟಿಯಲ್ಲಿ ಈ ಕೋವಿಗಳೂ ಹೋದವು. ಕೆಲವು ಇಂಗ್ಲೆಂಡಿನ ಅರಮನೆಗೆ, ಕೆಲವು ಅಧಿಕಾರಿಗಳ ಮನೆಗೆ.

2023ರ ಮೇ ತಿಂಗಳಲ್ಲಿ ನಡೆದುದು ಇನ್ನೂ ವಿಚಿತ್ರ. ಅಸದ್ ಖಾನ್ ಮುಹಮ್ಮದ್ ಎಂಬವರ ಸಹಿಯಿರುವ, 1793-94ರ, ಇಪ್ಪತ್ತು ಲಕ್ಷ ಪೌಂಡ್ ಬೆಲೆಯ ಟಿಪ್ಪುವಿನ ಹಕ್ಕಿಬೇಟೆಯ ಕೋವಿ ದೇಶ ಬಿಟ್ಟು ಹೋಗದಂತೆ ಬ್ರಿಟಿಷ್ ಸರಕಾರ ತಾತ್ಕಾಲಿಕವಾಗಿ ರಫ್ತು ತಡೆ ಹಾಕಿತು. ಅದು ಹಿಂದೆ ಕಾರ್ನ್‌ವಾಲಿಸನಿಗೆ ಕೊಟ್ಟಿದ್ದ ಕೋವಿ. ಶ್ರೀರಂಗಪಟ್ಟಣದಲ್ಲಿ ತಯಾರಾದ ವಸ್ತು ತನ್ನ ನಾಡಿನ ಪರಂಪರೆಗೆ ಅಗತ್ಯವೆಂದು ಲಂಡನ್ ವಾದಿಸುತ್ತಿತ್ತು!

ಅದಕ್ಕೂ ಮೊದಲು, 2019ರ ಮಾರ್ಚಿನಲ್ಲಿ, ಇಂಗ್ಲೆಂಡಿನ ಬರ್ಕ್‌ಷೈರಿನ ಮನೆಯೊಂದರ ಅಟ್ಟದಲ್ಲಿ ಸಿಕ್ಕ ಬೆಳ್ಳಿ ಕಟ್ಟಿನ ಕೋವಿಯೊಂದು 60,000 ಪೌಂಡಿಗೆ ಹೋಯಿತು. ಈಸ್ಟ್ ಇಂಡಿಯಾ ಕಂಪೆನಿಯ ಮೇಜರ್ ಥಾಮಸ್ ಹಾರ್ಟ್ ಶ್ರೀರಂಗಪಟ್ಟಣದಿಂದ ಒಯ್ದದ್ದು. ಉಳಿದ ಕೋವಿಗಳಂತೆ ಅದು ಶಸ್ತ್ರಾಗಾರದಲ್ಲಿ ಸುಖವಾಗಿ ಮಲಗಿದ್ದಲ್ಲ, ಹಿಡಿಯ ಮರಕ್ಕೆ ಗುಂಡು ಬಡಿದ ಗಾಯವಿದೆ ಎಂದು ಹರಾಜಿನವರು ತಿಳಿಸಿದ್ದರು. ಬೆಳ್ಳಿಯ ಕೆಲಸ ಮಾತ್ರ ಹಾಗೆಯೇ ಇತ್ತು.

ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿ ತಾರಾಮಂಡಲ್ ಪೇಟೆಯ ಹೆಸರು ಇನ್ನೂ ಉಳಿದಿದೆ.