ಕಾಲಿಗಿಂತ ಮೊದಲು ಕಣ್ಣು ಆಡಬೇಕು

ಫುಟ್‌ಬಾಲ್ ಅಂದರೆ ಕಾಲಿನ ಆಟ ಅಂತಲೇ ಜನ ತಿಳಿದಿದ್ದಾರೆ. ಜೋರಾಗಿ ಓಡುವ, ದೂರ ಒದೆಯುವ ಹುಡುಗ ತಂಡಕ್ಕೆ ಸೇರುತ್ತಾನೆ. ಸಣ್ಣ ಮೈಯವನು ಅಂಚಿನಲ್ಲಿ ಕೂರುತ್ತಾನೆ. ಆದರೆ ಆಟವನ್ನು ಅಳೆದು ನೋಡಿದವರ ಮಾತು ಬೇರೆ.

ನಾರ್ವೆಯ ಸಂಶೋಧಕ ಗೇರ್ ಯೋರ್ಡೆಟ್ ಚೆಂಡನ್ನು ಬಿಟ್ಟು ಆಟಗಾರರ ತಲೆಯನ್ನು ನೋಡಿದರು. ಚೆಂಡು ಕಾಲಿಗೆ ಬರುವ ಮುಂಚೆ ಆಟಗಾರ ಎಷ್ಟು ಸಲ ಮುಖ ತಿರುಗಿಸಿ ಹಿಂದೆ ಮುಂದೆ ನೋಡುತ್ತಾನೆ ಅಂತ ವಿಡಿಯೋದಲ್ಲಿ ಎಣಿಸಿದರು. 2013ರ ಆ ಅಧ್ಯಯನದಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ 118 ಆಟಗಾರರಿದ್ದರು. ಹೆಚ್ಚು ಸಲ ನೋಡಿದವರ ಪಾಸುಗಳೇ ಹೆಚ್ಚಾಗಿ ಗುರಿ ಮುಟ್ಟಿದ್ದವು.

ಎಳೆಯರ ಲೆಕ್ಕವೂ ಇದೆ. 2018ರ ಯುರೋಪಿನ 17 ಮತ್ತು 19 ವರ್ಷದೊಳಗಿನವರ ಚಾಂಪಿಯನ್‌ಷಿಪ್‌ಗಳಲ್ಲಿ 53 ಹುಡುಗರನ್ನು ಹೀಗೇ ಎಣಿಸಿದಾಗ, ಚಿಕ್ಕವರಿಗಿಂತ ದೊಡ್ಡವರು ಹೆಚ್ಚು ಸಲ ಸುತ್ತ ನೋಡುತ್ತಿದ್ದುದು ಕಂಡಿತು.

ಕಾರಣ ಸರಳ. ಚೆಂಡು ಕಾಲಿಗೆ ಬಂದ ಮೇಲೆ ಕಣ್ಣು ಚೆಂಡಿನ ಮೇಲಿರಬೇಕು, ಎದುರಾಳಿಯೂ ಮೈಮೇಲೆ ಬಂದಿರುತ್ತಾನೆ. ಆಗ ಯೋಚಿಸಲು ಪುರುಸೊತ್ತಿಲ್ಲ. ಚೆಂಡು ಬೇರೆಯವರ ಕಾಲಲ್ಲಿದ್ದಾಗಲೇ ನೋಡಿಕೊಂಡವನಿಗೆ ಮುಂದಿನ ದಾರಿ ಗೊತ್ತಿರುತ್ತದೆ. ಶೇಂಗಾ ರಾಶಿಗೆ ಬೆಲೆ ಕೂಗುವ ವರ್ತಕ ಮೊದಲೇ ಕಾಳು ನೋಡಿ, ಪಕ್ಕದವನ ಮುಖವನ್ನೂ ನೋಡಿರುತ್ತಾನಲ್ಲ, ಹಾಗೆ.

ಬಾರ್ಸಿಲೋನಾದ ಕ್ಸಾವಿ ಹೆರ್ನಾಂಡೆಜ್ ಎತ್ತರ ಬರೀ ಐದಡಿ ಏಳಂಗುಲ. 11ನೇ ವಯಸ್ಸಿಗೆ ಕ್ಲಬ್ಬಿನ ಎಳೆಯರ ತಂಡ ಸೇರಿದವರು 2010ರಲ್ಲಿ ಸ್ಪೇನಿಗೆ ವಿಶ್ವಕಪ್ ಗೆಲ್ಲಿಸಿದ ತಂಡದ ನಡುಗಂಬವಾದರು. ಕತ್ತು ತಿರುಗಿಸಿ ನೋಡುತ್ತಲೇ ಇರುವುದು ಅವರ ಆಟದ ಗುರುತಾಗಿತ್ತು.

ಅದೇ ಬಾರ್ಸಿಲೋನಾದಲ್ಲಿ ಹುಟ್ಟಿದ ವಿನ್ಸೆಂಟ್ ಫೆರರ್ 1969ರಲ್ಲಿ ನಮ್ಮ ಅನಂತಪುರದಲ್ಲಿ ಆರ್‌ಡಿಟಿ ಸಂಸ್ಥೆ ಕಟ್ಟಿದರು. ಅದರ ಮೈದಾನದಲ್ಲಿ ಹಳ್ಳಿ ಮಕ್ಕಳು ಫುಟ್‌ಬಾಲ್ ಕಲಿತಿದ್ದಾರೆ. ನಮ್ಮ ಊರುಗಳ ಶಾಲೆ ಬಯಲಲ್ಲೂ ಈ ನೋಟ ಕಲಿಸಬಹುದು, ಖರ್ಚಿಲ್ಲ. ನಾಲ್ವರು ಸುತ್ತ ನಿಂತು ಚೆಂಡು ದಾಟಿಸಲಿ, ಇಬ್ಬರು ನಡುವೆ ನಿಂತು ಕಸಿಯಲಿ. ಸ್ಪೇನಿನವರು ಇದನ್ನು ರೋಂಡೋ ಅಂತಾರೆ. ಚೆಂಡು ಬರುವ ಮುಂಚೆ ಹುಡುಗನ ಬೆನ್ನ ಹಿಂದೆ ಬೆರಳೆತ್ತಿ, ಎಷ್ಟು ಅಂತ ಕೇಳಿ; ಹೊರಳಿ ನೋಡುವುದು ರೂಢಿಯಾಗುತ್ತದೆ.

ಅಂಚಿನಲ್ಲಿ ನಿಂತ ಹಿರಿಯರು ಮಾತ್ರ "ಚೆಂಡು ನೋಡೋ" ಅಂತ ಸದಾ ಕೂಗಬಾರದು. "ಸುತ್ತ ನೋಡೋ" ಅನ್ನಲಿ. ತೆಲುಗಿನಲ್ಲಿ ಚೂಪು ಅಂದರೆ ನೋಟ, ಕನ್ನಡದಲ್ಲಿ ಚೂಪು ಅಂದರೆ ಹರಿತ. ಎರಡೂ ಇದ್ದ ಹುಡುಗನನ್ನು ಮೈ ಸಣ್ಣದೆಂದು ಹೊರಗೆ ಕೂರಿಸಬೇಡಿ.