ಇರುವ ಬ್ರೇಕನ್ನೇ ಎಬ್ಬಿಸುವ ಕೆಲಸ

ಶಿವಮೊಗ್ಗದ ಸಾಗರ ರಸ್ತೆಯಲ್ಲಿ ಬರೀ ಬ್ರೇಕಿನ ಕೆಲಸವನ್ನೇ ಮಾಡುವ ಒಂದು ಅಂಗಡಿಗೆ ಕಳೆದ ಮಳೆಗಾಲಕ್ಕೆ ಮುಂಚೆ ಹೋಗಿದ್ದೆ. ಬಾಗಿಲ ಪಕ್ಕ ಸವೆದ ಡ್ರಮ್ಮುಗಳು ಹಳೇ ಹೆಂಚುಗಳ ಹಾಗೆ ಒಂದರ ಮೇಲೊಂದು ಕೂತಿದ್ದವು. ನನ್ನದು ಹನ್ನೊಂದು ವರ್ಷದ ಸಣ್ಣ ಕಾರು. ತಿಂಗಳಿಗೊಮ್ಮೆಯಾದರೂ ಆಗುಂಬೆ ಇಳಿದು ಉಡುಪಿಗೆ ಹೋಗಬೇಕು, ಬ್ರೇಕು ಮಾತ್ರ ಮೊದಲಿನಂತೆ ಹಿಡಿಯುತ್ತಿರಲಿಲ್ಲ. ಅವರಿವರ ಮಾತು ಕೇಳಿ ತಲೆಯಲ್ಲೇ ಒಂದು ಯೋಜನೆ ಹಾಕಿಕೊಂಡಿದ್ದೆ: ಮುಂದಿನ ಚಕ್ರಗಳಿಗೆ ದೊಡ್ಡ ಡಿಸ್ಕು, ಹಿಂದಿನ ಡ್ರಮ್ ಕಿತ್ತು ಅಲ್ಲಿಗೂ ಡಿಸ್ಕು. ಖರ್ಚು ಎಷ್ಟಾಗಬಹುದು ಅಂತ ಕೇಳಿದೆ.

ಮೇಸ್ತ್ರಿ ಉತ್ತರ ಕೊಡಲಿಲ್ಲ. ಡ್ರೈವರ್ ಸೀಟಿನಲ್ಲಿ ಕೂತು, ಎಂಜಿನ್ ಆಫ್ ಇರುವಾಗಲೇ ಪೆಡಲನ್ನು ನಾಲ್ಕೈದು ಸಲ ತುಳಿದು, ಗಟ್ಟಿಯಾಗಿ ಒತ್ತಿ ಹಿಡಿದುಕೊಂಡು ಎಂಜಿನ್ ಚಾಲೂ ಮಾಡಿದರು. ಪೆಡಲು ಸ್ವಲ್ಪ ಕೆಳಗಿಳಿಯಿತು. ಕಾಲಿನ ಒತ್ತಡಕ್ಕೆ ನೆರವಾಗುವ ಬೂಸ್ಟರ್ ಸರಿಯಿದೆ ಅನ್ನುವುದಕ್ಕೆ ಅದೇ ಗುರುತು. ಕಾಲು ಹಾಗೇ ಇಟ್ಟುಕೊಂಡು ಒಂದು ನಿಮಿಷ ಸುಮ್ಮನೆ ಕೂತರು. ಪೆಡಲು ನಿಧಾನಕ್ಕೆ ಜಾರುತ್ತಾ ಹೋದರೆ ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗಿದೆ ಎಂದರ್ಥ. ಜಾರಲಿಲ್ಲ. ಆದರೆ ಕಾಲಿನಡಿ ಅದು ಸ್ಪಂಜಿನ ಹಾಗೆ ಮೆತ್ತಗಿತ್ತು.

‘ಸಾರ್, ನಿಮ್ಮ ಗಾಡೀಲಿ ಬ್ರೇಕ್ ಇದೆ. ಮಲಗಿದೆ ಅಷ್ಟೆ. ಮೊದಲು ಅದನ್ನ ಎಬ್ಬಿಸೋಣ, ದೊಡ್ಡ ಡಿಸ್ಕ್ ಆಮೇಲೆ ನೋಡೋಣ’ ಅಂದರು.

ಬ್ರೇಕು ಕಾರನ್ನು ‘ನಿಲ್ಲಿಸುತ್ತದೆ’ ಅಂತ ನಾವು ಸಲೀಸಾಗಿ ಹೇಳುತ್ತೇವೆ. ನಿಜಕ್ಕೂ ಅದು ಮಾಡುವುದು ಒಂದೇ ಕೆಲಸ, ಓಟವನ್ನು ಬಿಸಿಯಾಗಿ ಮಾರ್ಪಡಿಸುವುದು. ಒಂದು ಟನ್ ತೂಕದ ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದಾಗ ಅದರೊಳಗೆ ಸುಮಾರು ಎರಡೂವರೆ ಲಕ್ಷ ಜೂಲ್ ಶಕ್ತಿ ಇರುತ್ತದೆ. ವೇಗ ಅರ್ಧವಾದರೆ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಈಗ ಅದೇ ಕಾರು ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವುದನ್ನು ನೆನೆಸಿಕೊಳ್ಳಿ. ಇಳಿತ ಹೆಚ್ಚುಕಡಿಮೆ 500 ಮೀಟರ್ ಅಂದುಕೊಂಡರೂ ಸುಮಾರು 49 ಲಕ್ಷ ಜೂಲ್ ಆಯಿತು. 80ರ ವೇಗದಿಂದ ಇಪ್ಪತ್ತು ಸಲ ಪೂರ್ತಿ ನಿಲ್ಲಿಸಿದಷ್ಟು! ಬಚ್ಚಲ ಒಲೆಯ ಭಾಷೆಯಲ್ಲಿ ಹೇಳುವುದಾದರೆ, 16 ಲೀಟರ್ ತಣ್ಣೀರನ್ನು ಕೊತಕೊತ ಕುದಿಸುವಷ್ಟು ಬಿಸಿ. ಅದರಲ್ಲಿ ಒಂದಷ್ಟನ್ನು ಎಂಜಿನ್ನೂ ಗಾಳಿಯೂ ಹಂಚಿಕೊಳ್ಳುತ್ತವೆ. ಗೇರ್ ನ್ಯೂಟ್ರಲ್ ಮಾಡಿ ‘ಪೆಟ್ರೋಲ್ ಉಳಿಸುವವರು’ ಎಂಜಿನ್ನಿನ ಆ ಪಾಲನ್ನೂ ತಂದು ಬ್ರೇಕಿನ ತಲೆಗೇ ಕಟ್ಟುತ್ತಾರೆ. ಹೊರುವುದಕ್ಕೆ ಇರುವುದು ಕೆಲವೇ ಕಿಲೋ ಬೀಡುಕಬ್ಬಿಣ.

ಈ ಬಿಸಿಗೆ ಮೊದಲು ಸೋಲುವುದು ನಾವೆಲ್ಲ ಬ್ರೇಕ್ ಆಯಿಲ್ ಎಂದು ಕರೆಯುವ, ಆದರೆ ಎಣ್ಣೆಯೇ ಅಲ್ಲದ ದ್ರವ. ಮಲೆನಾಡಿನ ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೂರುವುದನ್ನು ನೋಡಿದವರಿಗೆ ಇದರ ಸ್ವಭಾವ ವಿವರಿಸಬೇಕಿಲ್ಲ. ಇದೂ ಗಾಳಿಯ ತೇವವನ್ನು ಹೀರುತ್ತದೆ. ಡಬ್ಬಿಯ ಮೇಲೆ ಡಾಟ್ 3, ಡಾಟ್ 4 ಅಂತ ಬರೆದಿರುತ್ತದಲ್ಲ, ಅದು ಕುದಿಬಿಂದುವಿನ ದರ್ಜೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಆದರೆ 230. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಅದೇ ಅಂಕಿಗಳು 140ಕ್ಕೆ, 155ಕ್ಕೆ ಬಂದು ಕೂರುತ್ತವೆ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಹಾಗಾಗಿಯೇ ಕಾಲಿನ ಬಲ ಚಕ್ರದ ತನಕ ಹೋಗುತ್ತದೆ. ಕುದಿದು ಗುಳ್ಳೆಯೆದ್ದರೆ ಕಾಲಿನ ಬಲವೆಲ್ಲ ಗುಳ್ಳೆ ಹಿಸುಕುವುದಕ್ಕೇ ಖರ್ಚು. ‘ಘಾಟಿಯಲ್ಲಿ ಬ್ರೇಕೇ ಇರಲಿಲ್ಲ ಮಾರಾಯ್ರೆ, ಕೆಳಗೆ ಬಂದು ಚಾ ಕುಡಿಯುವಷ್ಟರಲ್ಲಿ ತನ್ನಿಂದ ತಾನೇ ಸರಿಯಾಯ್ತು’ ಎಂಬ ಕಥೆಯನ್ನು ಕರಾವಳಿಯ ಕಡೆ ಯಾರ ಬಾಯಲ್ಲಾದರೂ ಕೇಳಿರುತ್ತೀರಿ. ಅದರಲ್ಲಿ ದೇವರ ಕೈವಾಡ ಹುಡುಕಬೇಕಾಗಿಲ್ಲ. ಆವಿ ತಣಿದು ಮತ್ತೆ ದ್ರವವಾಯಿತು, ಅಷ್ಟೆ.

ನನ್ನ ಕಾರಿನ ಡಬ್ಬಿಯಲ್ಲಿದ್ದದ್ದು ಮೂರನೇ ಸಲ ಕಾಯಿಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ್ದನ್ನು ನಾನು ಯಾವತ್ತು ಬದಲಿಸಿದ್ದೆ ಎಂಬುದೇ ನೆನಪಿಲ್ಲ. ಮೇಸ್ತ್ರಿ ಡಾಟ್ 4 ತರಿಸಿದರು. ಡಾಟ್ 3 ಇದ್ದ ಗಾಡಿಗೆ ಡಾಟ್ 4 ಹಾಕಬಹುದು. ಡಾಟ್ 5 ಎಂಬ ಸಿಲಿಕೋನ್ ದ್ರವವನ್ನು ಮಾತ್ರ ಇವುಗಳ ಜೊತೆ ಬೆರೆಸಕೂಡದು. ಸಹಾಯಕ ಹುಡುಗ ಸೀಟಿನಲ್ಲಿ, ಮೇಸ್ತ್ರಿ ಚಕ್ರದ ಬುಡದಲ್ಲಿ. ‘ಪಂಪ್ ಹೊಡಿ… ಹೊಡಿ… ಹಿಡ್ಕೋ, ಬಿಡಬೇಡ’ ಎಂಬ ಜುಗಲಬಂದಿ ಮುಕ್ಕಾಲು ಗಂಟೆ ನಡೆಯಿತು. ನಿಪ್ಪಲ್ಲಿಗೆ ಸಿಕ್ಕಿಸಿದ ಪಾರದರ್ಶಕ ಪೈಪಿನಲ್ಲಿ ಮೊದಲು ಕಂದು, ಆಮೇಲೆ ಗುಳ್ಳೆ, ಕೊನೆಗೆ ಜೇನಿನ ತಿಳಿ ಬಣ್ಣ. ಈ ದ್ರವ ಬಾಡಿಯ ಮೇಲೆ ಬಿದ್ದರೆ ಪೇಂಟನ್ನೇ ತಿಂದುಬಿಡುತ್ತದೆ. ಅದಕ್ಕೇ ಪಕ್ಕದಲ್ಲಿ ಒಂದು ಮಗ್ಗು ನೀರು. ಅರ್ಧ ದಿನದ ಕೆಲಸದಲ್ಲಿ ಅತಿ ಅಗ್ಗದ ಭಾಗ ಇದು. ಪೆಡಲಿನ ಗುಣ ಅತಿ ಹೆಚ್ಚು ಬದಲಾದದ್ದೂ ಇದರಿಂದಲೇ.

ಚಕ್ರ ಬಿಚ್ಚಿದ ಮೇಲೆ ಇನ್ನೊಂದು ಗುಟ್ಟು ಹೊರಬಿತ್ತು. ಸಣ್ಣ ಕಾರುಗಳಲ್ಲಿ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ಸಾಮಾನ್ಯವಾಗಿ ಒಂದೇ ಬದಿಗೆ ಇರುತ್ತದೆ. ಅದು ಒಳಗಿನ ಪ್ಯಾಡನ್ನು ತಳ್ಳಿದಾಗ ಇಡೀ ಕ್ಯಾಲಿಪರು ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ಒತ್ತಬೇಕು. ಜಂಗು ಹಿಡಿದು ಪಿನ್ನು ಜಾರದೆ ಕೂತರೆ ಎರಡು ಕೈಯ ಚಪ್ಪಾಳೆ ಒಂದು ಕೈಯದಾಗುತ್ತದೆ. ನನ್ನದು ಅದೇ ಆಗಿತ್ತು. ಪಿನ್ನನ್ನು ಎಮರಿ ಪೇಪರಿನಲ್ಲಿ ಉಜ್ಜಿ, ಸಿಲಿಕೋನ್ ಗ್ರೀಸ್ ಸವರಿ, ಹರಿದ ರಬ್ಬರ್ ಬೂಟು ಬದಲಿಸಿದರು. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸು ಇಲ್ಲಿ ಆಗದು, ರಬ್ಬರ್ ಊದಿಕೊಂಡು ಮತ್ತೆ ಬಿಗಿಯುತ್ತದೆ.

ಪ್ಯಾಡು, ಶೂಗಳ ಮೇಲೆ ಕೂತು ಉಜ್ಜಿ ಹಿಡಿಯುವ ಲೈನಿಂಗ್ ಎಂಬ ವಸ್ತುವಿಗೂ ಘಾಟಿಗೂ ಹಳೆಯ ನಂಟು. ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಾಡು ಪ್ರದೇಶ. ಅಲ್ಲಿ ಇಳಿಜಾರಿನಲ್ಲಿ ಕುದುರೆ ಗಾಡಿಯವರು ಮರದ ಬ್ರೇಕಿಗೆ ಹಳೆಯ ಬೂಟಿನ ತುಂಡು ಕಟ್ಟಿ ಹಿಡಿತ ಹೆಚ್ಚಿಸಿಕೊಳ್ಳುತ್ತಿದ್ದುದನ್ನು ಹರ್ಬರ್ಟ್ ಫ್ರೂಡ್ ಗಮನಿಸಿದ ಎಂದು ಹೇಳುತ್ತಾರೆ. 1897ರಲ್ಲಿ ಅವನು ಆರಂಭಿಸಿದ ಉದ್ಯಮವೇ ಫೆರೋಡೊ. ಫ್ರೂಡ್ ಎಂಬ ತನ್ನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಕಲಸಿ, ಹೆಂಡತಿ ಎಲಿಜಬೆತ್‌ಳ ಮೊದಲಕ್ಷರ ಸೇರಿಸಿದ ಹೆಸರದು. ಮುಂದೆ ಬಹುಕಾಲ ಲೈನಿಂಗಿನ ತಿರುಳು ಕಲ್ನಾರು ಆಗಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾಡುವ ಹಾನಿ ಗೊತ್ತಾದ ಮೇಲೆ ಬೇರೆ ಬೇರೆ ನಾರು, ಲೋಹದ ಪುಡಿ, ರಾಳಗಳ ಪಾಕಗಳು ಬಂದವು. ಈಗಲೂ ಡ್ರಮ್ ಬಿಚ್ಚಿ ಬಾಯಲ್ಲಿ ‘ಉಫ್’ ಎಂದು ಧೂಳು ಊದುವವರನ್ನು ಕಂಡರೆ ನನಗೆ ಸಂಕಟ. ಈ ಅಂಗಡಿಯಲ್ಲಿ ತೊಳೆದೇ ಕೆಲಸಕ್ಕೆ ಕೈಹಾಕುತ್ತಾರೆ.

ಪ್ಯಾಡ್ ಕೊಳ್ಳುವಾಗ ಅಂಗಡಿಯವನು ‘ಸೆರಾಮಿಕ್, ಫಸ್ಟ್ ಕ್ಲಾಸ್’ ಅನ್ನುತ್ತಾನೆ. ಅದಕ್ಕಿಂತ ಪ್ಯಾಡಿನ ಅಂಚನ್ನೋ ಬೆನ್ನನ್ನೋ ನೋಡುವುದು ಒಳ್ಳೆಯದು. ಹಲವು ಪ್ಯಾಡುಗಳಲ್ಲಿ ಸಂಕೇತದ ಕೊನೆಗೆ ಇಎಫ್, ಎಫ್‌ಎಫ್, ಜಿಜಿ ಎಂಬಂಥ ಜೋಡಿ ಇಂಗ್ಲಿಷ್ ಅಕ್ಷರ ಇರುತ್ತದೆ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿನ ಘರ್ಷಣೆ, ಎರಡನೆಯದು ಚೆನ್ನಾಗಿ ಕಾದಾಗಿನದು. ಇ ಎಂದರೆ 0.25ರಿಂದ 0.35, ಎಫ್ ಎಂದರೆ 0.45ರವರೆಗೆ, ಜಿ ಎಂದರೆ 0.55ರವರೆಗೆ. ಎರಡನೇ ಅಕ್ಷರ ಮೊದಲನೆಯದಕ್ಕಿಂತ ಕೆಳಗಿದ್ದರೆ ಬಿಸಿಯಾದಂತೆ ಹಿಡಿತ ಸಡಿಲುತ್ತದೆ ಎಂದರ್ಥ. ಪೇಟೆಯ ಓಡಾಟಕ್ಕೂ ಘಾಟಿಗೂ ಎಫ್‌ಎಫ್ ಧಾರಾಳ. ರೇಸಿನ ಪ್ಯಾಡು ಹಾಕಿಸಿಕೊಂಡು ಬೀಗುವವರುಂಟು. ಅವು ಚೆನ್ನಾಗಿ ಕಾದ ಮೇಲೆಯೇ ಹಿಡಿಯುವ ಸ್ವಭಾವದವು. ಬೆಳಗ್ಗೆ ಮಗುವನ್ನು ಶಾಲೆಗೆ ಬಿಡಲು ಹೊರಟಾಗ ಮೊದಲ ತಿರುವಿನಲ್ಲೇ ನಾಯಿ ಅಡ್ಡ ಬಂದರೆ ಅವುಗಳಿಗೆ ಇನ್ನೂ ನಿದ್ದೆ ಬಿಟ್ಟಿರುವುದಿಲ್ಲ. ನಕಲಿ ಡಬ್ಬಿಗಳ ಕಾಟವೂ ಇದೆ, ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಸಣ್ಣ ಕಾರಿನ ಮುಂದಿನ ಒಂದು ಜೊತೆಗೆ ನಾನು ಕೊಟ್ಟದ್ದು ಎರಡು ಸಾವಿರದೊಳಗೆ.

ಹಿಂದಿನ ಡ್ರಮ್ಮಿನ ವಿಚಾರಕ್ಕೆ ಬಂದಾಗ ಮೇಸ್ತ್ರಿಗೆ ಹುರುಪು ಬಂತು. ಕಾರಿಗೆ ಈಗ ಲೈನರ್ ಅಂಟಿಸಿದ ಶೂಗಳು ಸಿದ್ಧವಾಗೇ ಸಿಗುತ್ತವೆ. ಲಾರಿಗೆ, ಹಳೆಯ ಜೀಪಿಗೆ ಮಾತ್ರ ಇಲ್ಲಿ ಇವತ್ತಿಗೂ ಕೈಯಲ್ಲೇ ಲೈನರ್ ಹೊಡೆಯುತ್ತಾರೆ. ಹಳೆಯ ರಿವೆಟ್ ಉಳಿಯಿಂದ ಹಾರಿಸಿ, ಶೂ ಉಜ್ಜಿ, ಹೊಸ ಲೈನರನ್ನು ಬಾಗಿಗೆ ಕೂರಿಸಿ ರಿವೆಟ್ ಬಡಿಯುವಾಗ ನಡುವಿನ ತೂತಿನಿಂದ ಶುರುಮಾಡಿ ಎರಡೂ ತುದಿಗೆ ಹೋಗಬೇಕು. ತುದಿಯಿಂದ ಹೊರಟರೆ ನಡುವೆ ಲೈನರ್ ಉಬ್ಬಿ ನಿಲ್ಲುತ್ತದೆ. ರಿವೆಟ್ಟಿನ ತಲೆ ಲೈನರಿನೊಳಗೆ ಚೆನ್ನಾಗಿ ಮುಳುಗಿರಬೇಕು, ಇಲ್ಲವಾದರೆ ಡ್ರಮ್ಮನ್ನೇ ಗೀರುತ್ತದೆ. ಶೂ ಕೂತ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೇಳುತ್ತಾರೆ. ಟಣ್ ಅಂದರೆ ಗಟ್ಟಿ, ಬದ್ ಅಂದರೆ ಎಲ್ಲೋ ಸಂದು ಉಳಿದಿದೆ. ಮಡಕೆ ಕೊಳ್ಳುವ ಹೆಂಗಸರ ಪರೀಕ್ಷೆಯೇ. ನನ್ನ ಡ್ರಮ್ಮನ್ನು ಲೇತಿಗೆ ಕಟ್ಟಿ ಒಂದು ಪದರ ಹೆರೆದರು. ಅದಕ್ಕೂ ಮಿತಿಯಿದೆ: ಎಷ್ಟು ಅಗಲವಾಗಬಹುದು ಎಂಬ ಅಂಕಿಯನ್ನು ಡ್ರಮ್ಮಿನ ಮೇಲೆ, ಎಷ್ಟು ತೆಳುವಾಗಬಹುದು ಎಂಬುದನ್ನು ಡಿಸ್ಕಿನ ಮೇಲೆ ಸಾಮಾನ್ಯವಾಗಿ ಅಚ್ಚೊತ್ತಿರುತ್ತಾರೆ. ಬ್ರೇಕ್ ಹಾಕಿದಾಗ ಕಾರಿನ ತೂಕ ಮುಂದಕ್ಕೆ ವಾಲುವುದರಿಂದ ಸಣ್ಣ ಕಾರಿನಲ್ಲಿ ಹಿಂದಿನ ಚಕ್ರದ ಪಾಲು ಹೇಗೂ ಕಡಿಮೆ. ಡ್ರಮ್ ಶುಚಿಯಾಗಿದ್ದು ಶೂ ಸರಿಯಾಗಿ ಅಡ್ಜಸ್ಟ್ ಆಗಿದ್ದರೆ ಅಲ್ಲಿಗೆ ಡಿಸ್ಕ್ ಹಾಕಿಸುವುದು ದುಡ್ಡು ದಂಡ.

ಹಾಗಾದರೆ ಮುಂದಿನ ದೊಡ್ಡ ಡಿಸ್ಕು? ‘ಖಾಲಿ ಮೈದಾನದಲ್ಲಿ ಒಂದ್ಸಲ ಗಟ್ಟಿಯಾಗಿ ಒತ್ತಿ ನೋಡಿ ಸಾರ್. ಚಕ್ರ ಲಾಕ್ ಆದ್ರೆ ನಿಮ್ ಬ್ರೇಕಿಗೆ ಶಕ್ತಿ ಸಾಲ್ದು ಅಂತ ಹೇಳೋ ಹಾಗಿಲ್ಲ’ ಎಂದರು. ಚಕ್ರವನ್ನು ಹಿಡಿಯುವುದು ಬ್ರೇಕು, ಕಾರನ್ನು ಹಿಡಿಯುವುದು ಟೈರು. ಎಬಿಎಸ್ ಇರುವ ಗಾಡಿಯಾದರೆ ಪೆಡಲು ಕಾಲಿನಡಿ ದಡದಡ ಒದೆಯುವ ಹೊತ್ತಿಗೆ ಟೈರಿನ ಹಿಡಿತ ಮುಗಿದಿರುತ್ತದೆ, ಅಲ್ಲಿಂದಾಚೆಗೆ ಎಷ್ಟು ದೊಡ್ಡ ಡಿಸ್ಕಿದ್ದರೂ ಒಂದಡಿ ಮೊದಲು ನಿಲ್ಲುವುದಿಲ್ಲ. ದೊಡ್ಡ ಡಿಸ್ಕಿನ ಲಾಭ ಇರುವುದು ಬಿಸಿ ತಾಳುವುದರಲ್ಲಿ. ರೇಸ್ ಟ್ರ್ಯಾಕಿನಲ್ಲಿ ಅದಕ್ಕೆ ಬೆಲೆಯಿದೆ. 1953ರಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಫ್ರಾನ್ಸಿನ ಲ ಮಾನ್ಸ್‌ನ 24 ಗಂಟೆಗಳ ಓಟ ಗೆದ್ದದ್ದು ಇದೇ ಗುಣದಿಂದ: ಡ್ರಮ್ಮಿನವರು ಬಿಸಿಗೆ ಹೆದರಿ ಮೊದಲೇ ಕಾಲಿಡುವ ಜಾಗದಲ್ಲಿ ಇವರು ಇನ್ನಷ್ಟು ಮುಂದೆ ಹೋಗಿ ಬ್ರೇಕ್ ಹಾಕುತ್ತಿದ್ದರು. ನನಗೆ ಅಷ್ಟು ಅವಸರವಿಲ್ಲ. ಉಳಿದ ದುಡ್ಡಿನಲ್ಲಿ ಗಟ್ಟಿಯಾಗಿ ಒಣಗಿದ್ದ ಮುಂದಿನ ಎರಡು ಟೈರು ಬದಲಿಸಿದೆ. ಮೂಗುಮುರಿಯುತ್ತಲೇ ಕೊಂಡರೂ, ಮೊದಲ ಮಳೆ ಬಿದ್ದ ದಿನ ಅದರ ಬೆಲೆ ಗೊತ್ತಾಯಿತು.

ಹೊಸ ಪ್ಯಾಡನ್ನು ಹದಗೊಳಿಸುವುದು ಬಾಕಿಯಿತ್ತು. ಸಂಜೆ ಟ್ರಾಫಿಕ್ ಇಲ್ಲದ ಕಡೆ ಕರೆದುಕೊಂಡು ಹೋಗಿ, 60ರ ವೇಗದಿಂದ 10ಕ್ಕೆ ಇಳಿಸುವುದನ್ನು ಎಂಟು ಹತ್ತು ಸಲ ಮಾಡಿಸಿದರು. ಪೂರ್ತಿ ನಿಲ್ಲಿಸಿ ಕಾದ ಡಿಸ್ಕಿನ ಮೇಲೆ ಪ್ಯಾಡು ಒತ್ತಿ ಹಿಡಿದರೆ ಅಲ್ಲೇ ಕಲೆ ಕೂರುತ್ತದೆ, ಆಮೇಲೆ ಪೆಡಲು ನಡುಗತೊಡಗುತ್ತದೆ. ‘ಡಿಸ್ಕ್ ಬೆಂಡ್ ಆಗಿದೆ’ ಅಂತ ದೂರು ತರುವ ಗಾಡಿಗಳಲ್ಲಿ ಎಷ್ಟೋ ಇಂಥವೇ ಅಂತೆ. ಸುಟ್ಟ ವಾಸನೆ ಬಂದಾಗ ನಾನು ಗಾಬರಿಯಾದೆ. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಒಗ್ಗರಣೆ ಸೀಯಿತೋ ಇಲ್ಲವೋ ಎಂದು ನೋಡುವವರ ಹಾಗೆ ಮೂಗು ಅರಳಿಸಿ, ‘ಆಯ್ತು, ಈಗ ಬ್ರೇಕ್ ಮುಟ್ಟದೆ ಹಾಗೇ ಓಡಿಸ್ತಾ ತಣಿಸಿ’ ಅಂದರು.

ಹೊರಡುವಾಗ ಹಳೆಯ ಪ್ಯಾಡುಗಳನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ ಕೈಗಿಟ್ಟರು. ಮನೆಗೆ ಬಂದು ಬಿಚ್ಚಿ ನೋಡಿದೆ. ಎಡಚಕ್ರದ ಒಳಗಿನ ಪ್ಯಾಡಿನಲ್ಲಿ ಬಾಕಿಯಿದ್ದದ್ದು ಬೆರಳುಗುರಿನಷ್ಟು ದಪ್ಪ. ಹೊರಗಿನದು ಮುಕ್ಕಾಲು ಪಾಲು ಹಾಗೇ ಇತ್ತು.